ಮಾವನ ಕರುಳು ಮಾತಾಡಿದ ದಿನ

ಬೆಳಗಿನ ಐದೂಮುಕ್ಕಾಲು. ಸೇಲಂನ ಒಂದು ಆಸ್ಪತ್ರೆಯ ಮೂರನೇ ಮಹಡಿ. ನನ್ನ ಸೋದರಮಾವ, ಎಪ್ಪತ್ತರ ಹತ್ತಿರದ ನಿವೃತ್ತ ಹೆಡ್‌ಮೇಷ್ಟ್ರು, ಊರಲ್ಲಿ ನ್ಯಾಯ ಪಂಚಾಯ್ತಿಗೆ ಕರೆಯುವಂಥ ಮರ್ಯಾದಸ್ಥ ಮನುಷ್ಯ, ಮಂಚದ ಮೇಲೆ ಸ್ವಲ್ಪ ಮಗ್ಗುಲಾಗಿ, ಆಚೆ ಹಾಸಿಗೆಗೂ ಕೇಳುವ ಹಾಗೆ ಒಂದು ಹೂಸು ಬಿಟ್ಟರು.

ಅತ್ತೆ ಎರಡೂ ಕೈ ಜೋಡಿಸಿ ಕಾಲಭೈರವನನ್ನು ನೆನೆದರು. ನರ್ಸಮ್ಮ ಓಡಿಬಂದು, ಮುಖ ಅರಳಿಸಿಕೊಂಡು, ಚಾರ್ಟಿನಲ್ಲಿ ಹೊತ್ತು ಬರೆದುಕೊಂಡಳು. ಆಚೆ ಹಾಸಿಗೆಯ ಅಜ್ಜ ತಮಿಳಿನಲ್ಲಿ ಶುಭಾಶಯ ಹೇಳಿದ. ನಾನು ಮೊಬೈಲ್ ತೆಗೆದು ಬೆಂಗಳೂರು, ಹೊಸೂರು, ಧರ್ಮಪುರಿ ಮೂರೂ ಕಡೆಯ ನೆಂಟರಿಗೆ ‘ಆಯ್ತು’ ಎಂದು ಒಂದೇ ಪದ ಕಳಿಸಿದೆ. ಎರಡು ನಿಮಿಷದಲ್ಲಿ ಹದಿನಾರು ಕೈಮುಗಿಯುವ ಚಿತ್ರಗಳು ಬಂದವು!

ನಗಬೇಡಿ. ಅದಕ್ಕೂ ಹಿಂದಿನ ಎರಡು ದಿನ ಆ ವಾರ್ಡಿಗೆ ಕಾಲಿಟ್ಟ ಪ್ರತಿಯೊಬ್ಬರೂ, ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವ ಅಮ್ಮನವರೆಗೆ, ಮಾವನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಗ್ಯಾಸ್ ಪೋಚ್ಚಾ, ಅಯ್ಯಾ?’ ನೋವು ಎಷ್ಟಿದೆ ಎಂದು ಕೇಳುವ ಮೊದಲೇ ಅದು. ಒಬ್ಬ ಮನುಷ್ಯನ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ, ದೊಡ್ಡಕರುಳಿನ ಒಂದು ಗೇಣು ಕತ್ತರಿಸಿ, ಉಳಿದ ಎರಡು ತುದಿಗಳನ್ನು ಟೈಟೇನಿಯಂ ಪಿನ್ನುಗಳಿಂದ ಜೋಡಿಸಿದ ಅಷ್ಟೂ ವಿದ್ಯೆ ಕೊನೆಗೆ ಕೈಕಟ್ಟಿ ಕಾಯುವುದು ಈ ಒಂದು ಸದ್ದಿಗೆ. ನನಗೆ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ಗೊತ್ತಾಗುತ್ತಾ ಹೋದ ಹಾಗೆ, ಬಾಯಿ ಮುಚ್ಚಲಾಗಲಿಲ್ಲ.

ಮಾವನ ಮನೆ ಅದಿಯಮಾನ್‌ಕೋಟೆಯಲ್ಲಿ. ಬೆಂಗಳೂರಿನಿಂದ ಸೇಲಂಗೆ ಹೋಗುವ ಹೆದ್ದಾರಿಯಲ್ಲಿ ಧರ್ಮಪುರಿ ದಾಟಿದ ಸ್ವಲ್ಪ ಹೊತ್ತಿಗೆ ಸಿಗುವ ಊರು. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ಧರ್ಮಪುರಿಗೆ ತಗಡೂರು ಎಂದು ಹೆಸರಿದ್ದ ಕಾಲದಲ್ಲಿ ಆಳಿದ ನೊಳಂಬರು ಅಲ್ಲಿ ಕನ್ನಡ ಶಾಸನಗಳನ್ನು ಬಿಟ್ಟುಹೋಗಿದ್ದಾರೆ. ಮಾವ ‘ನಾವೇನೂ ಇಲ್ಲಿಗೆ ಹೊಸಬರಲ್ಲ’ ಎನ್ನುವುದು ಅದನ್ನು ನೆನೆದೇ.

ರೋಗ ಶುರುವಾದದ್ದು ಆಪರೇಷನ್ನಿಗೆ ಒಂದೂವರೆ ವರ್ಷ ಮುಂಚೆ. ಆಗಾಗ ಮಲದಲ್ಲಿ ರಕ್ತ. ಆ ಸೀಮೆಯ ಬಸ್‌ಸ್ಟ್ಯಾಂಡ್ ಗೋಡೆ, ವಿದ್ಯುತ್ ಕಂಬ ಯಾವುದನ್ನು ನೋಡಿದರೂ ‘ಮೂಲಂ, ಪೌತ್ರಂ’ ಎಂಬ ಪೋಸ್ಟರು, ಕೆಳಗೊಂದು ಫೋನ್ ನಂಬರು. ಮೂಲವ್ಯಾಧಿ ಎಂದರೆ ಆಡಿಕೊಳ್ಳುವ ರೋಗ, ಮೇಷ್ಟ್ರು ಯಾರ ಹತ್ತಿರ ಹೇಳಿಕೊಂಡಾರು? ಗುಟ್ಟಾಗಿ ಯಾವುದೋ ಪೋಸ್ಟರಿನ ನಂಬರಿಗೆ ಹೋಗಿ, ಯಾವುದೋ ಲೇಹ್ಯ ತಂದು ತಿಂದರು. ರಕ್ತ ಒಮ್ಮೊಮ್ಮೆ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿ, ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏಳಕ್ಕಿಳಿದು, ಆಮೇಲೆ ಕೊಲೊನೋಸ್ಕೋಪಿ ಆಗಿ, ದೊಡ್ಡಕರುಳು ಎಡಕ್ಕೆ ಇಳಿದು ಇಂಗ್ಲಿಷಿನ ಎಸ್ ಅಕ್ಷರದಂತೆ ತಿರುಚಿಕೊಳ್ಳುವ ಜಾಗದಲ್ಲಿ ಒಂದು ಗಂಟು ಕಂಡಿತು. ಕ್ಯಾನ್ಸರು. ಆದರೆ ಅಲ್ಲೇ ನಿಂತಿರುವ ಕ್ಯಾನ್ಸರು, ಕತ್ತರಿಸಿ ತೆಗೆಯಬಹುದಾದದ್ದು.

ಇನ್ನು ಕತ್ತರಿ, ಹೊಲಿಗೆ, ಹೊಟ್ಟೆಯ ಉದ್ದಕ್ಕೂ ಗಾಯ, ಒಂದು ತಿಂಗಳು ಮಂಚ ಎಂದು ನಾವೆಲ್ಲ ಲೆಕ್ಕ ಹಾಕುತ್ತಿದ್ದರೆ, ಸರ್ಜನ್ ಮೊದಲ ದಿನ ಬರೆದುಕೊಟ್ಟದ್ದೇನು ಗೊತ್ತೇ? ರಕ್ತನಾಳಕ್ಕೆ ಕಬ್ಬಿಣಾಂಶದ ಇಂಜೆಕ್ಷನ್ನು, ಮೂರು ಬಣ್ಣದ ಚೆಂಡುಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ, ದಿನಕ್ಕೆರಡು ಹೊತ್ತು ನಡಿಗೆ, ರಾತ್ರಿ ಊಟಕ್ಕೆ ಮೊಟ್ಟೆ, ಮತ್ತು ಬೀಡಿ ಇವತ್ತಿನಿಂದಲೇ ಬಂದ್. ನಾಲ್ಕು ವಾರ ಕೊಟ್ಟರು. ಡಬ್ಬಿಯ ಕೊಳವೆಯಲ್ಲಿ ಉಸಿರು ಎಳೆದರೆ ಚೆಂಡು ಮೇಲೇಳಬೇಕು. ಮೊದಲ ದಿನ ಮಾವನಿಗೆ ಒಂದೇ ಚೆಂಡು ಎದ್ದದ್ದು, ಮೂರನೇ ವಾರಕ್ಕೆ ಮೂರೂ ಕುಣಿದವು! ಆಪರೇಷನ್ ಎಂದರೆ ದೇಹಕ್ಕೆ ಓಟದ ಪಂದ್ಯ ಇದ್ದ ಹಾಗೆ, ತಯಾರಿಯಿಲ್ಲದೆ ಓಡಿಸಿದರೆ ಬಿದ್ದುಹೋಗುತ್ತದೆ ಎಂದರು ಡಾಕ್ಟರು. ರೋಗಿಯನ್ನು ಮಲಗಿಸುವುದಕ್ಕೆ ಮುಂಚೆ ಓಡಿಸುವ ವೈದ್ಯವನ್ನು ನಾನು ಅದೇ ಮೊದಲು ಕಂಡದ್ದು.

ನಡಿಗೆಗೆ ಅತ್ತೆ ಆರಿಸಿದ್ದು ಊರಿನ ಕಾಲಭೈರವನ ಗುಡಿ. ದಕ್ಷಿಣಕಾಶಿ ಎಂದು ಹೆಸರಾದ ಗುಡಿ ಅದು. ಕೃಷ್ಣಪಕ್ಷದ ಅಷ್ಟಮಿಗಳಂದು ಎಲ್ಲೆಲ್ಲಿಂದಲೋ ಜನ ಬಂದು, ಬೂದುಗುಂಬಳ ಸೀಳಿ ಅದರೊಳಗೆ ಎಣ್ಣೆ ಹಾಕಿ ದೀಪ ಹಚ್ಚುತ್ತಾರೆ. ಮಾವ ದೇವರ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಂಡವರಲ್ಲ. ಆದರೆ ಪ್ರದಕ್ಷಿಣೆ ಹಾಕಿದರೆ ಡಾಕ್ಟರೂ ಖುಷಿ, ಹೆಂಡತಿಯೂ ಖುಷಿ. ಬೆಳಿಗ್ಗೆ ಸಂಜೆ ಸುತ್ತಿದರು. ಹಾಗೆ ಸುತ್ತುವಾಗ ಒಂದು ಸಂಜೆ ನನ್ನನ್ನು ನಿಲ್ಲಿಸಿ ಹೇಳಿದ ಮಾತು ಇವತ್ತಿಗೂ ನನ್ನ ಮೈ ಜುಮ್ಮೆನ್ನಿಸುತ್ತದೆ.

‘ಅದಿಯಮಾನ್ ಅಂದ್ರೆ ಬರೀ ನೆಲ್ಲಿಕಾಯಿ ಕತೆ ಅಂದ್ಕೊಂಡಿದ್ದೀಯೇನೋ?’ ಅಂದರು.

ನೆಲ್ಲಿಕಾಯಿ ಕತೆ ಆ ಕಡೆಯ ಮಗುವಿಗೂ ಗೊತ್ತು. ತಗಡೂರಿನ ದೊರೆ ಅದಿಯಮಾನ್ ನೆಡುಮಾನ್ ಅಂಜಿಗೆ ದೀರ್ಘಾಯುಸ್ಸು ಕೊಡುವ ಅಪರೂಪದ ನೆಲ್ಲಿಕಾಯಿ ಸಿಕ್ಕಿದಾಗ ಅವನು ಅದನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟ ಎಂಬ ಸಂಗಂ ಕಾಲದ ಕತೆ. ಮಾವ ಹೇಳಿದ್ದು ಅದಲ್ಲ. ಅಶೋಕನ ಎರಡನೇ ಬಂಡೆಗಲ್ಲು ಶಾಸನ ಇದೆಯಲ್ಲ, ಅದರಲ್ಲಿ ಅವನ ರಾಜ್ಯದ ಆಚೆಗಿನ ದಕ್ಷಿಣದವರ ಪಟ್ಟಿಯಿದೆ: ಚೋಳರು, ಪಾಂಡ್ಯರು, ಸತಿಯಪುತ್ರರು, ಕೇರಳಪುತ್ರರು. ಸತಿಯಪುತ್ರ ಯಾರು ಎಂದು ಪಂಡಿತರು ಬಹಳ ಕಾಲ ಜಗ್ಗಾಡಿದರು. 1981ರಲ್ಲಿ ತಿರುಕ್ಕೋವಿಲೂರು ಬಳಿಯ ಜಂಬೈ ಗುಡ್ಡದಲ್ಲಿ ಒಂದು ತಮಿಳು ಬ್ರಾಹ್ಮಿ ಶಾಸನ ಸಿಕ್ಕಿತು. ಅದರಲ್ಲಿ ನೆಡುಮಾನ್ ಅಂಜಿಯ ಹೆಸರಿನ ಹಿಂದೆಯೇ ‘ಸತಿಯಪುತೊ’ ಎಂದಿತ್ತು. ಅಂದರೆ ಅಶೋಕ ಹೆಸರಿಸಿದ್ದು ಈ ಅದಿಯಮಾನರ ಮನೆತನವನ್ನೇ! ಸರಿ, ಆ ಎರಡನೇ ಶಾಸನ ಯಾವುದರ ಬಗ್ಗೆ? ಯುದ್ಧವೇ, ಕಪ್ಪವೇ? ಅಲ್ಲ. ವೈದ್ಯದ ಬಗ್ಗೆ. ಈ ನಾಡುಗಳಲ್ಲೆಲ್ಲ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಟು, ಗಿಡಮೂಲಿಕೆ ಇಲ್ಲದ ಕಡೆ ತರಿಸಿ ನೆಡಿಸಿದ್ದು, ದಾರಿಯಲ್ಲಿ ಬಾವಿ ತೋಡಿಸಿದ್ದು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ಈ ಊರಿನವರ ಆರೋಗ್ಯದ ಬಗ್ಗೆ ಕಲ್ಲಿನಲ್ಲಿ ಬರೆಸಿದ್ದಾನೆ. ಮಾವ ಉಸಿರು ಸುಧಾರಿಸಿಕೊಂಡು, ಏಳನೆಯ ಸುತ್ತಿಗೆ ಹೊರಟರು.

ಆಪರೇಷನ್ನಿನ ಹಿಂದಿನ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರುಳು ತೊಳೆಯುವ ಪುಡಿಯನ್ನು ಎರಡು ಲೀಟರ್ ನೀರಿಗೆ ಬೆರೆಸಿ ಲೋಟ ಲೋಟ ಕುಡಿಯಬೇಕು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಆ ವಸ್ತು ರಕ್ತಕ್ಕೆ ಸೇರುವುದಿಲ್ಲ, ನೀರನ್ನು ತಬ್ಬಿಹಿಡಿದು ಕರುಳಿನ ಉದ್ದಕ್ಕೂ ಜಾರಿ ಹೊರಗೆ ಬರುತ್ತದೆ. ಆರನೇ ಸಲ ಬಚ್ಚಲಿನಿಂದ ಬಂದ ಮಾವ ಗೋಡೆ ಹಿಡಿದುಕೊಂಡು, ‘ಹೊಗೇನಕಲ್‌ಗೆ ಇನ್ಮೇಲೆ ಯಾಕ್ ಹೋಗ್ಬೇಕೋ’ ಎಂದರು. ಅಷ್ಟೇ.

ಆದರೆ ಆಪರೇಷನ್ ದಿನದ ಬೆಳಿಗ್ಗೆ ಇನ್ನೊಂದು ಅಚ್ಚರಿ. ಹಿಂದಿನ ರಾತ್ರಿಯಿಂದ ಹನಿ ನೀರೂ ಇಲ್ಲದೆ ಇರಬೇಕು ಎಂಬುದು ನಮ್ಮೆಲ್ಲರ ತಲೆಯಲ್ಲಿ ಕೂತ ನಿಯಮ. ಇಲ್ಲಿ ನರ್ಸು ಬಂದು, ಆಪರೇಷನ್ನಿಗೆ ಎರಡು ಗಂಟೆ ಮುಂಚೆ, ಒಂದು ಸಪ್ಪೆ ಸಿಹಿಯ ತಿಳಿಪಾನೀಯ ಕುಡಿಸಿದಳು! ಗಟ್ಟಿ ಆಹಾರಕ್ಕೆ ಆರು ಗಂಟೆ, ತಿಳಿಯಾದ ದ್ರವಕ್ಕೆ ಎರಡೇ ಗಂಟೆ ಸಾಕು. ಹಸಿದ ದೇಹ ತನ್ನ ಮಾಂಸವನ್ನೇ ತಾನು ಕರಗಿಸಿಕೊಳ್ಳುತ್ತದೆ, ಸಕ್ಕರೆ ಹಿಡಿತ ತಪ್ಪುತ್ತದೆ, ಉಪವಾಸದಿಂದ ಒಳಿತಿಲ್ಲ ಎಂದು ತಿಳಿದಿದೆಯಂತೆ. ಈ ತಲೆಕೆಳಗು ವಿಚಾರದ ಹಿಂದೆ ಇರುವವರು ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ಎಂಬ ಸರ್ಜನ್. ಆಪರೇಷನ್ ಚೆನ್ನಾಗಿ ಆದ ಮೇಲೂ ರೋಗಿ ಇನ್ನೂ ಯಾಕೆ ಆಸ್ಪತ್ರೆಯಲ್ಲಿದ್ದಾನೆ ಎಂದು ಅವರು ಪಟ್ಟುಹಿಡಿದು ಕೇಳತೊಡಗಿದರು. ನೋವಿಗೆ, ಹಸಿವೆಗೆ, ಮಲಗಿಯೇ ಇರುವುದಕ್ಕೆ, ಮೂಗಿನ ಕೊಳವೆಗೆ ಒಂದೊಂದಕ್ಕೂ ‘ಇದು ಬೇಕೇ?’ ಎಂದು ಕೇಳಿದರು. 1995ರಲ್ಲಿ ಅವರ ತಂಡ ವಯಸ್ಸಾದ ರೋಗಿಗಳಿಗೆ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಕರುಳಿನ ಆಪರೇಷನ್ ಮಾಡಿ, ಬೇಗ ಉಣ್ಣಿಸಿ, ಬೇಗ ನಡೆಸಿ, ಎರಡೇ ದಿನಕ್ಕೆ ಮನೆಗೆ ಕಳಿಸಿದ್ದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆಯಿತು. ವಾರಕ್ಕೂ ಹೆಚ್ಚು ಮಲಗುತ್ತಿದ್ದ ಕಾಯಿಲೆಗೆ ಎರಡು ದಿನ!

ಈಗ ಬಾಗಿಲು ಮುಚ್ಚಿದ ಆ ಕೋಣೆಯೊಳಗೆ ನಡೆದದ್ದು. ನಾನು ನೋಡಲಿಲ್ಲ. ಮರುದಿನ ಸರ್ಜನ್ ಔಷಧಿ ಚೀಟಿಯ ಹಿಂಬದಿಯಲ್ಲಿ ಗೀಚಿ ಗೀಚಿ ತೋರಿಸಿದ್ದನ್ನು ಇಲ್ಲಿ ಹೇಳುತ್ತೇನೆ. ಆ ಚೀಟಿ ಇನ್ನೂ ನನ್ನ ಹತ್ತಿರವಿದೆ.

ಮೊದಲ ತೂತು ಹೊಕ್ಕುಳಿನ ಹತ್ತಿರ. ಅಲ್ಲಿಂದ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ, ನಮ್ಮ ಗೋಲಿಸೋಡಾದಲ್ಲಿ ಬುಸ್ಸೆನ್ನುವ ಅದೇ ಗ್ಯಾಸು! ಬೆಂಕಿ ಹತ್ತುವುದಿಲ್ಲ, ರಕ್ತದಲ್ಲಿ ಸುಲಭವಾಗಿ ಕರಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ, ಅದಕ್ಕೇ ಅದು. ಒತ್ತಡ ಪಾದರಸದ ಹನ್ನೆರಡು ಮಿಲಿಮೀಟರಿನ ಸುಮಾರು. ಅಂದರೆ ತೋಳಿಗೆ ಪಟ್ಟಿ ಕಟ್ಟಿ ನೋಡುವ ರಕ್ತದೊತ್ತಡದ ಮೇಲಿನ ಅಂಕಿಯ ಹತ್ತನೇ ಒಂದು ಪಾಲು ಮಾತ್ರ. ಅಷ್ಟಕ್ಕೇ ಹೊಟ್ಟೆಯ ಗೋಡೆ ಚಪ್ಪರದಂತೆ ಮೇಲೆದ್ದು, ಕೆಳಗೆ ಜಾಗವಾಗುತ್ತದೆ. ಆಮೇಲೆ ಮಂಚವನ್ನೇ ತಲೆಕಡೆ ತಗ್ಗಿಸಿ ಬಲಕ್ಕೆ ವಾಲಿಸುತ್ತಾರೆ. ಆರು ಮೀಟರ್ ಉದ್ದದ ಸಣ್ಣಕರುಳು ತನ್ನ ಭಾರಕ್ಕೆ ತಾನೇ ಜಾರಿ ಪಕ್ಕಕ್ಕೆ ಸರಿದುಕೊಳ್ಳುತ್ತದೆ, ಯಾರೂ ಕೈಹಾಕಿ ತಳ್ಳಬೇಕಿಲ್ಲ. ಇನ್ನು ನಾಲ್ಕು ತೂತು. ಒಂದೊಂದೂ ಅರ್ಧ ಸೆಂಟಿಮೀಟರಿನಿಂದ ಒಂದು ಚಿಲ್ಲರೆ ಸೆಂಟಿಮೀಟರು. ಅವುಗಳಲ್ಲಿ ಉದ್ದ ಕೈಯ ಕತ್ತರಿ, ಚಿಮಟ.

ಮುಂದಿನದನ್ನು ಓದುವ ಮುನ್ನ ನಿಮ್ಮ ಹೊಕ್ಕುಳನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ.

ತಾಯಿಯ ಗರ್ಭದಲ್ಲಿ ಆರನೇ ವಾರದ ಹೊತ್ತಿಗೆ ನಮ್ಮ ಕರುಳು ನಮ್ಮ ಹೊಟ್ಟೆಗಿಂತ ವೇಗವಾಗಿ ಬೆಳೆಯುತ್ತದೆ. ಒಳಗೆ ಜಾಗ ಸಾಲದೆ, ಅದರ ಬಹುಭಾಗ ಹೊಕ್ಕುಳಿನ ಮೂಲಕ ಹೊರಗೆ ಬಂದುಬಿಡುತ್ತದೆ! ಹೊಕ್ಕುಳಬಳ್ಳಿಯೊಳಗೆ ಒಂದು ತಿಂಗಳು ಇದ್ದು, ಹತ್ತನೇ ವಾರದ ಹೊತ್ತಿಗೆ ವಾಪಸ್ಸು ಒಳಗೆ ಬರುತ್ತದೆ. ಸುಮ್ಮನೆ ಹೋಗಿ ಬರುವುದಿಲ್ಲ, ಹೋಗುತ್ತಾ ಬರುತ್ತಾ ಗಡಿಯಾರದ ಮುಳ್ಳಿಗೆ ಎದುರಾಗಿ ಒಟ್ಟು ಮುಕ್ಕಾಲು ಸುತ್ತು ತಿರುಗುತ್ತದೆ. ಬಂದ ಮೇಲೆ ದೊಡ್ಡಕರುಳಿನ ಎಡ ಬಲ ಭಾಗಗಳು ಬೆನ್ನಿನ ಗೋಡೆಗೆ ಒರಗಿ ಅಂಟಿಕೊಳ್ಳುತ್ತವೆ. ನಾವೆಲ್ಲರೂ, ಈ ಪುಟ ಓದುತ್ತಿರುವ ನೀವೂ, ಒಂದು ಕಾಲದಲ್ಲಿ ನಮ್ಮ ಕರುಳನ್ನು ಹೊರಗಿಟ್ಟುಕೊಂಡು ತೇಲುತ್ತಿದ್ದವರು.

ಹಾಗೆ ಅಂಟಿಕೊಂಡ ಜಾಗದಲ್ಲಿ ಜೇಡರಬಲೆಯಂಥ ತೆಳುವಾದ ಒಂದು ಪದರ ಉಳಿದಿರುತ್ತದೆ. ವಿಯೆನ್ನಾದ ಅಂಗರಚನಾ ತಜ್ಞ ಕಾರ್ಲ್ ಟೋಲ್ಟ್ ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ಗುರುತಿಸಿದ. ಇವತ್ತಿಗೂ ಅದಕ್ಕೆ ಅವನ ಹೆಸರು. ಸರ್ಜನ್ ಹುಡುಕುವುದು ಆ ಪದರವನ್ನೇ. ಅದು ಸಿಕ್ಕಿತೆಂದರೆ ಗ್ಯಾಸಿನ ಒತ್ತಡವೇ ಅರ್ಧ ಕೆಲಸ ಮಾಡಿಕೊಡುತ್ತದೆ, ಕರುಳು ರಕ್ತದ ಹನಿಯೂ ಹೆಚ್ಚು ಬೀಳದೆ ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡಿಸಿಕೊಂಡು ಬರುತ್ತದೆ. ಎಪ್ಪತ್ತು ವರ್ಷದ ಹಿಂದೆ, ಅಜ್ಜಿಯ ಗರ್ಭದಲ್ಲಿ, ಮಾವನ ಕರುಳು ಬಂದು ಅಂಟಿಕೊಂಡ ಅದೇ ಗೆರೆಯಲ್ಲಿ ಆ ದಿನ ಸೇಲಂನಲ್ಲಿ ಅದನ್ನು ಬಿಡಿಸಿದರು. ಬಿಡಿಸಿ, ರೋಗದ ಭಾಗವನ್ನು ಅದರ ರಕ್ತನಾಳ, ಗ್ರಂಥಿಗಳ ಸಮೇತ ಹೊಕ್ಕುಳಿನ ಬಳಿಯೇ ಎರಡಂಗುಲ ಹಿಗ್ಗಿಸಿದ ತೂತಿನಿಂದ ಹೊರಗೆ ತೆಗೆದರು. ಗರ್ಭದಲ್ಲಿ ಉಳಿದ ಕರುಳು ಹೋಗಿಬಂದ ಅದೇ ಬಾಗಿಲು! ಇದನ್ನು ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ.

ಜೋಡಿಸಿದ್ದು ಸ್ಟೇಪ್ಲರಿನಲ್ಲಿ. ಕೆಳಗಿನಿಂದ, ಗುದದ್ವಾರದ ಮೂಲಕ, ದುಂಡು ತಲೆಯ ಒಂದು ಸ್ಟೇಪ್ಲರ್ ಒಳಗೆ ಹೋಗುತ್ತದೆ. ಮೇಲಿನ ತುದಿಯಲ್ಲಿ ಅದರ ಟೋಪಿ ಕೂರಿಸಿರುತ್ತಾರೆ. ಎರಡೂ ಸೇರಿ ‘ಟಕ್’. ತೆಳ್ಳನೆಯ ಟೈಟೇನಿಯಂ ಪಿನ್ನುಗಳ ಎರಡು ಸುತ್ತು, ನಡುವೆ ದಾರಿ. ಹೊಸ ವಿದ್ಯೆಯೇ? ಬುಡಾಪೆಸ್ಟಿನ ಹ್ಯೂಮರ್ ಹುಲ್ಟ್ಲ್ 1908ರಲ್ಲಿ ಮಾಡಿಸಿದ ಮೊದಲ ಸ್ಟೇಪ್ಲರ್ ಮೂರೂವರೆ ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಅದಕ್ಕೂ ಹಿಂದೆ ಹೋಗಬೇಕೇ? ಸುಶ್ರುತ ಸಂಹಿತೆ ನೋಡಿ: ಕರುಳಿನ ಗಾಯದ ಎರಡು ಅಂಚು ಕೂಡಿಸಿ ಹಿಡಿದು, ದೊಡ್ಡ ಕಪ್ಪು ಇರುವೆಗಳಿಂದ ಕಚ್ಚಿಸಿ, ಕಚ್ಚಿದ ಕೂಡಲೇ ಮೈ ಕತ್ತರಿಸಿ ತಲೆ ಮಾತ್ರ ಬಿಡಬೇಕು ಎಂದಿದೆ. ಇರುವೆಯ ದವಡೆಯೇ ಪಿನ್ನು! ಹೊರಬಂದ ಕರುಳನ್ನು ಹಾಲಿನಲ್ಲಿ ತೊಳೆದು, ತುಪ್ಪ ಸವರಿ, ಉಗುರು ಕತ್ತರಿಸಿದ ಕೈಯಿಂದ ಒಳಗೆ ಸೇರಿಸಬೇಕು ಎಂದೂ ಇದೆ. ಉಗುರು ಕತ್ತರಿಸಿದ ಕೈ ಎಂಬ ಮಾತಿಗೆ ನಾನು ಸೋತೆ.

ಮತ್ತೆ ಒಂದು ವಿಷಯ, ಇದನ್ನು ಬಿಟ್ಟರೆ ನನಗೆ ಸಮಾಧಾನವಿಲ್ಲ. ಜೋಡಿಸಿದ ಕರುಳು ಸೋರುತ್ತಿದೆಯೇ ಎಂದು ನೋಡುವುದು ಹೇಗೆ ಗೊತ್ತೇ? ಹೊಟ್ಟೆಯ ತಗ್ಗಿನಲ್ಲಿ ನೀರು ತುಂಬಿಸಿ, ಜೋಡಣೆಯನ್ನು ಅದರಲ್ಲಿ ಮುಳುಗಿಸಿ, ಕೆಳಗಿನಿಂದ ಗಾಳಿ ಊದುತ್ತಾರೆ. ಗುಳ್ಳೆ ಬಂದರೆ ತೂತಿದೆ. ಗುಳ್ಳೆ ಇಲ್ಲದಿದ್ದರೆ ಭದ್ರ. ಅದಿಯಮಾನ್‌ಕೋಟೆಯ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಹುಡುಗ ಟ್ಯೂಬನ್ನು ಬಾಣಲೆ ನೀರಿಗೆ ಅದ್ದಿ ನೋಡುತ್ತಾನಲ್ಲ, ಸಾಕ್ಷಾತ್ ಅದೇ! ಕೋಟಿಗಟ್ಟಲೆಯ ಯಂತ್ರಗಳ ನಡುವೆ ಪಂಕ್ಚರ್ ಅಂಗಡಿಯ ಬುದ್ಧಿ ಇನ್ನೂ ಕೆಲಸ ಮಾಡುತ್ತಿದೆ.

ತೂತಿನಿಂದ ಆಪರೇಷನ್ ಮಾಡುವ ಈ ವಿದ್ಯೆಯ ಹಾದಿ ಸಲೀಸಾಗಿರಲಿಲ್ಲ. 1901ರಲ್ಲಿ ಜರ್ಮನಿಯ ಗೆಯೋರ್ಗ್ ಕೆಲ್ಲಿಂಗ್ ಒಂದು ನಾಯಿಯ ಹೊಟ್ಟೆಗೆ ಗಾಳಿ ತುಂಬಿ ಕೊಳವೆಯಲ್ಲಿ ಇಣುಕಿ ನೋಡಿದ. 1980ರಲ್ಲಿ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ ಹೀಗೇ ತೂತಿನಿಂದ ಅಪೆಂಡಿಕ್ಸ್ ತೆಗೆದಾಗ ಅಲ್ಲಿನ ಸರ್ಜನ್ನರು ಹೌಹಾರಿದರು. 1985ರಲ್ಲಿ ಎರಿಖ್ ಮ್ಯೂಹೆ ಪಿತ್ತಕೋಶ ತೆಗೆದರೂ ಮನ್ನಣೆ ಬರಲು ವರ್ಷಗಳೇ ಬೇಕಾದವು. ನಮ್ಮಲ್ಲಿ 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಪಿತ್ತಕೋಶದ ಈ ಆಪರೇಷನ್ ಮೊದಲು ಮಾಡಿದರು. ಅದೇ ವರ್ಷ ಮಯಾಮಿಯಲ್ಲಿ ಮೊಯಿಸೆಸ್ ಜೇಕಬ್ಸ್ ದೊಡ್ಡಕರುಳಿಗೇ ಕೈ ಹಾಕಿದರು. ತೂತುಗಳಲ್ಲಿ ಕ್ಯಾನ್ಸರ್ ಮತ್ತೆ ಮೊಳೆತೀತು ಎಂಬ ಭಯ ಬಹಳ ಕಾಲ ಇತ್ತು. 872 ರೋಗಿಗಳ ಮೇಲಿನ ಅಮೆರಿಕದ ಅಧ್ಯಯನ 2004ರಲ್ಲಿ ಬಂದು, ಹೊಟ್ಟೆ ತೆರೆದರೂ ತೂತಿನಿಂದ ಮಾಡಿದರೂ ರೋಗ ಮರುಕಳಿಸುವುದರಲ್ಲಿ ವ್ಯತ್ಯಾಸವಿಲ್ಲ ಎಂದು ತೋರಿಸಿದ ಮೇಲೆ ಆ ಭಯ ಇಳಿಯಿತು. ಈ ಸೀಮೆಗೆ ಹೆಮ್ಮೆಯ ಮಾತೂ ಒಂದಿದೆ. ಕೊಯಮತ್ತೂರಿನಲ್ಲಿ ಈ ವಿದ್ಯೆಯನ್ನು ಬೆಳೆಸಿ ಜಗತ್ತಿಗೇ ಕಲಿಸಿದ ಸಿ. ಪಳನಿವೇಲು ನಾಮಕ್ಕಲ್ ಕಡೆಯ ಬಡ ಹಳ್ಳಿಯವರು, ಹುಡುಗನಾಗಿದ್ದಾಗ ಮಲೇಷ್ಯಾದಲ್ಲಿ ಕೂಲಿ ಮಾಡಿ, ಹಿಂದಿರುಗಿ ಬಂದು ತಡವಾಗಿ ಶಾಲೆ ಸೇರಿ ಡಾಕ್ಟರಾದವರು. ಧರ್ಮಪುರಿ, ನಾಮಕ್ಕಲ್ ಎಲ್ಲವೂ ಹಿಂದೆ ಸೇಲಂ ಜಿಲ್ಲೆಯೇ. ಹಾಗಾಗಿ ಮಾವ ಅವರನ್ನು ‘ನಮ್ಮ ಜಿಲ್ಲೆಯವರು’ ಎಂದೇ ಹೇಳುವುದು.

ಈಗ ಆ ಸದ್ದಿಗೆ ಬರೋಣ.

ಕರುಳಿಗೆ ತನ್ನದೇ ನರಜಾಲವಿದೆ, ಕೋಟಿಗಟ್ಟಲೆ ನರಕೋಶಗಳು. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ತೋರಿಸಿದರು: ಹೊರಗಿನ ನರಗಳನ್ನೆಲ್ಲ ಕಡಿದುಹಾಕಿದರೂ ಕರುಳು ತನ್ನ ಪಾಡಿಗೆ ತಾನು ತುತ್ತನ್ನು ಮುಂದೆ ತಳ್ಳುತ್ತಲೇ ಇರುತ್ತದೆ. ಮೆದುಳಿನ ಅಪ್ಪಣೆ ಅದಕ್ಕೆ ಬೇಕಿಲ್ಲ! ಆದರೆ ಅಂಥ ಕರುಳಿಗೂ ಮುನಿಸಿದೆ. ಮುಟ್ಟಿದರೆ ಮುನಿ ಸೊಪ್ಪಿನ ಹಾಗೆ. ಕೈ ತಾಗಿದರೆ, ಗಾಯವಾದರೆ, ನೋವಿಗೆ ಕೊಡುವ ಅಫೀಮಿನ ಜಾತಿಯ ಮದ್ದು ಹೆಚ್ಚಾದರೆ, ಸ್ತಬ್ಧವಾಗಿಬಿಡುತ್ತದೆ. ಸಣ್ಣಕರುಳು ಕೆಲವೇ ಗಂಟೆಗಳಲ್ಲಿ ಏಳುತ್ತದೆ, ಜಠರಕ್ಕೆ ಒಂದೆರಡು ದಿನ, ದೊಡ್ಡಕರುಳಿಗೆ ಎರಡು ಮೂರು ದಿನ. ಅದು ಎದ್ದದ್ದಕ್ಕೆ ಹೂಸೇ ಸುದ್ದಿ. ‘ಕರುಳು ಚುರುಕ್ ಅಂತು’, ‘ಹೆತ್ತ ಕರುಳು’ ಎನ್ನುತ್ತಾ ಬಂದ ನಮ್ಮ ಭಾಷೆ ಅಕ್ಕರೆಯನ್ನು ಎದೆಯಲ್ಲಲ್ಲ, ಕರುಳಿನಲ್ಲಿ ಇಟ್ಟದ್ದು ಸುಮ್ಮನೆ ಇರಲಾರದು ಎಂದು ಆ ಎರಡು ರಾತ್ರಿ ನನಗನ್ನಿಸಿತು.

ಅದನ್ನು ಎಬ್ಬಿಸಲು ಪಟ್ಟ ಪಾಡು! ಆಪರೇಷನ್ ಆದ ಸಂಜೆಯೇ ಮಂಚದ ಅಂಚಿಗೆ ಕೂರಿಸಿದರು. ಗುಟುಕು ಗುಟುಕಾಗಿ ನೀರು. ಮರುದಿನ ಮೂತ್ರದ ಕೊಳವೆ ತೆಗೆದು, ಗ್ಲೂಕೋಸ್ ಕಂಬವನ್ನು ತಳ್ಳಿಕೊಂಡು ಕಾರಿಡಾರಿನಲ್ಲಿ ನಡೆಸಿದರು. ಕಾಲಭೈರವನ ಪ್ರದಕ್ಷಿಣೆಯ ರೂಢಿ ಆಗ ಕೈಹಿಡಿಯಿತು. ಆಮೇಲೆ ನರ್ಸು ಒಂದು ಚೂಯಿಂಗ್ ಗಮ್ ತಂದು ಕೊಟ್ಟಳು. ಮೂವತ್ತೈದು ವರ್ಷ ತರಗತಿಯಲ್ಲಿ ಬಬಲ್‌ಗಮ್ ಅಗಿದ ಹುಡುಗರ ಕಿವಿ ಹಿಂಡಿದ ಹೆಡ್‌ಮೇಷ್ಟ್ರು ತಾವೇ ಅದನ್ನು ಅಗಿಯುತ್ತಾ ಗೋಡೆ ನೋಡಿಕೊಂಡು ಕೂತ ದೃಶ್ಯವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಬಾಯಿ ಅಗಿದರೆ ಊಟ ಬರುತ್ತಿದೆ ಎಂದು ಕರುಳು ನಂಬುತ್ತದಂತೆ. 2002ರಲ್ಲಿ ಜಪಾನಿನವರು ಹೀಗೇ ಕರುಳಿನ ಆಪರೇಷನ್ ಆದ ಹತ್ತೊಂಬತ್ತು ಜನರಲ್ಲಿ ನೋಡಿದಾಗ, ಗಮ್ ಅಗಿದವರಿಗೆ ಸರಾಸರಿ 2.1 ದಿನಕ್ಕೆ ಗಾಳಿ ಹೋಯಿತು, ಅಗಿಯದವರಿಗೆ 3.2 ದಿನ. ನಂತರದ ದೊಡ್ಡ ಅಧ್ಯಯನಗಳಲ್ಲಿ ಲಾಭ ಅಷ್ಟೇನೂ ಕಾಣಲಿಲ್ಲ, ಆದರೆ ನಷ್ಟವೂ ಇಲ್ಲ. ಇನ್ನೊಂದು, ನಮ್ಮವರು ಕುಣಿದಾಡುವಂಥದ್ದು: ಕಾಫಿ! 2012ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನವರು ಕೆಲವರಿಗೆ ಕಾಫಿ, ಕೆಲವರಿಗೆ ಬಿಸಿನೀರು ಕೊಟ್ಟು ನೋಡಿದರು. ಕಾಫಿ ಕುಡಿದವರ ಕರುಳು 60 ಗಂಟೆಗೆ ಕೆಲಸ ಮಾಡಿತು, ನೀರಿನವರದು 74 ಗಂಟೆಗೆ. ಸರ್ಜನ್ ಒಪ್ಪಿದ ಮೇಲೆ ಅತ್ತೆ ಫ್ಲಾಸ್ಕಿನಲ್ಲಿ ಡಿಕಾಕ್ಷನ್ ತರಿಸಿದರು.

ನಡುವೆ ಒಂದು ಹೆದರಿಕೆ. ಎರಡನೇ ರಾತ್ರಿ ಮಾವನಿಗೆ ಬಲಭುಜ ಹಿಡಿದು ಎಳೆದ ಹಾಗೆ ನೋವು. ಅತ್ತೆ ಹೃದಯ ಅಂದುಕೊಂಡು ಬೆವೆತರು. ಡ್ಯೂಟಿ ಡಾಕ್ಟರ್ ಇಸಿಜಿ ನೋಡಿ ಸಮಾಧಾನ ಹೇಳಿದರು: ಒಳಗುಳಿದ ಸೋಡಾ ಗ್ಯಾಸು ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ತಾಗುತ್ತಿದೆ, ಅಷ್ಟೇ. ಹೊಟ್ಟೆಯ ಗ್ಯಾಸಿಗೂ ಭುಜಕ್ಕೂ ಏನು ನೆಂಟು? ಗರ್ಭದಲ್ಲಿ ವಪೆ ಹುಟ್ಟುವುದು ಕುತ್ತಿಗೆಯ ಹತ್ತಿರ! ಆಮೇಲೆ ಕೆಳಗಿಳಿಯುತ್ತದೆ, ಇಳಿಯುವಾಗ ಕುತ್ತಿಗೆಯ ನರವನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಆ ನರದ ಬೇರೇ ಭುಜದ ಚರ್ಮಕ್ಕೂ. ಹಾಗಾಗಿ ವಪೆ ಅತ್ತರೆ ಭುಜಕ್ಕೆ ಕೇಳಿಸುತ್ತದೆ. ಎದ್ದು ನಡೆದಾಡಿದ ಮೇಲೆ ಅದೂ ಕರಗಿತು.

ಹೂಸು ಬಂದ ಮೇಲೆ ಇಡ್ಲಿ ಬಂತು, ಮೊಸರನ್ನ ಬಂತು. ಆದರೂ ಐದನೇ ದಿನದವರೆಗೆ ಸರ್ಜನ್ ನಗಲಿಲ್ಲ. ಜೋಡಿಸಿದ ಜಾಗದಲ್ಲಿ ಮೊದಲ ದಿನಗಳಲ್ಲಿ ಹಳೆಯ ಕೊಲಾಜೆನ್ ಎಳೆಗಳು ಕರಗುತ್ತವೆ, ಹೊಸವು ಇನ್ನೂ ಗಟ್ಟಿಯಾಗಿರುವುದಿಲ್ಲ. ಮೂರರಿಂದ ಐದನೇ ದಿನ ಬೆಸುಗೆ ಅತ್ಯಂತ ಬಡವಾಗಿರುವ ಹೊತ್ತು. ಜ್ವರ, ನಾಡಿ ಓಟ, ಹೊಟ್ಟೆ ಉಬ್ಬರ, ಹೆಚ್ಚುತ್ತಾ ಹೋಗುವ ನೋವು, ವಾಂತಿ ಇವುಗಳಲ್ಲಿ ಯಾವುದು ಬಂದರೂ, ಮನೆಗೆ ಹೋದ ಮೇಲೂ, ನಡುರಾತ್ರಿಯಾದರೂ ಫೋನ್ ಮಾಡಿ ಎಂದು ಮೂರು ಸಲ ಹೇಳಿದರು. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ನು ಮನೆಯಲ್ಲೂ ಮುಂದುವರಿಯಬೇಕಿತ್ತು. ಅದನ್ನು ಅತ್ತೆಯೇ ಕಲಿತರು.

ಆರನೇ ದಿನ ಮನೆಗೆ ಹೊರಟೆವು. ತೊಪ್ಪೂರು ಘಾಟ್ ಹತ್ತುವಾಗ ಮಾವ ಹೊಟ್ಟೆಗೂ ಸೀಟ್‌ಬೆಲ್ಟಿಗೂ ನಡುವೆ ದಿಂಬು ಅವುಚಿಕೊಂಡು, ಪ್ರತಿ ಉಬ್ಬಿಗೂ ಡ್ರೈವರನ್ನು ಹೆಸರು ಹಿಡಿದು ಕೂಗಿದರು. ಕೆಮ್ಮು ಬಂದರೂ ಅದೇ ದಿಂಬು ಒತ್ತಿಕೊಳ್ಳಬೇಕು. ಆರು ವಾರ ಭಾರ ಎತ್ತುವ ಹಾಗಿಲ್ಲ, ತುಂಬಿದ ಬಿಂದಿಗೆಯನ್ನೂ. ಹೊರಕಡೆಗೆ ಕೆಲವು ವಾರ ಹೊತ್ತಿಲ್ಲ ಗೊತ್ತಿಲ್ಲ. ಒಂದು ದಿನ ನಾಲ್ಕು ಸಲ, ಇನ್ನೊಂದು ದಿನ ಸೊನ್ನೆ. ಕುಗ್ಗಿದ ಕರುಳು ತನ್ನ ಹೊಸ ಉದ್ದ ಕಲಿಯುತ್ತಿದೆ, ಬೈಯಬೇಡಿ ಎಂದಿದ್ದರು ಡಾಕ್ಟರು. ಮಾವನ ನಿಜವಾದ ದುಃಖ ಮಾತ್ರ ಬೇರೆ. ‘ಮುದ್ದೆ ಯಾವಾಗ?’ ಎಂದು ದಿನಾ ಕೇಳಿದರು. ಸೊಪ್ಪು, ನಾರಿನ ಕಾಳು, ಮಾವಿನಹಣ್ಣು, ರಾಗಿ ಎಲ್ಲಕ್ಕೂ ನಾಲ್ಕು ವಾರ ತಡೆ ಇತ್ತು. ಐದನೇ ವಾರದ ಮೊದಲ ದಿನ ಅತ್ತೆ ಸಣ್ಣ ಮುದ್ದೆ ಕಟ್ಟಿದರು, ನೆಲ್ಲಿಕಾಯಿ ಗಾತ್ರದ್ದು. ಮಾವ ತಟ್ಟೆಯನ್ನೂ ಅತ್ತೆಯನ್ನೂ ಒಂದೊಂದು ಸಲ ನೋಡಿ, ಏನೂ ಅನ್ನದೆ ನುಂಗಿದರು.

ಪೆಥಾಲಜಿ ವರದಿಯಲ್ಲಿ ಗ್ರಂಥಿಗಳೆಲ್ಲ ಶುದ್ಧವಾಗಿದ್ದವು, ಕೀಮೋ ಬೇಕಾಗಲಿಲ್ಲ. ಹೊಟ್ಟೆಯ ಮೇಲೆ ಈಗ ನಾಲ್ಕು ಚುಕ್ಕೆ, ಹೊಕ್ಕುಳಿನ ಬಳಿ ಎರಡಂಗುಲದ ಗೆರೆ.

ಇನ್ನು ನಿಮಗೊಂದು ಮಾತು. ಮಲದಲ್ಲಿ ರಕ್ತ ಕಂಡರೆ, ಹೊರಕಡೆಯ ರೂಢಿ ಕಾರಣವಿಲ್ಲದೆ ಬದಲಾಗಿ ಮೂರು ವಾರ ಹಾಗೇ ನಿಂತರೆ, ಗೋಡೆಯ ಪೋಸ್ಟರಿನ ನಂಬರಿಗೆ ಫೋನ್ ಮಾಡಬೇಡಿ. ಮೂಲವ್ಯಾಧಿಯೇ ಇರಬಹುದು, ಇದ್ದರೆ ಸಂತೋಷ. ಅದನ್ನು ಡಾಕ್ಟರ ಬಾಯಿಂದ ಕೇಳಿ. ಧರ್ಮಪುರಿಯಲ್ಲೇ 2008ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ತಮಿಳುನಾಡಿನವರಿಗೆ ಮುಖ್ಯಮಂತ್ರಿ ವಿಮೆಯ ಕಾರ್ಡಿದೆ, ಕರ್ನಾಟಕದವರಿಗೆ ಆರೋಗ್ಯ ಕರ್ನಾಟಕ ಇದೆ. ನಾಚಿಕೆಯಲ್ಲಿ ಮಾವ ಕಳೆದದ್ದು ಒಂದೂವರೆ ವರ್ಷ. ಆಪರೇಷನ್ ಆಗಿ ಒಂದು ವರ್ಷಕ್ಕೆ ಮತ್ತೊಂದು ಕೊಲೊನೋಸ್ಕೋಪಿ ಮಾಡಿಸಬೇಕು. ಆ ಎರಡು ಲೀಟರ್ ಪುಡಿನೀರನ್ನು ನೆನೆದು ಮಾವ ಈಗಿನಿಂದಲೇ ಮುಖ ಹುಳ್ಳಗೆ ಮಾಡುತ್ತಿದ್ದಾರೆ, ಆದರೆ ತಾರೀಖನ್ನು ಕ್ಯಾಲೆಂಡರಿನಲ್ಲಿ ತಾವೇ ಸುತ್ತುಹಾಕಿ ಗುರುತಿಸಿಟ್ಟಿದ್ದಾರೆ.